ಮನೆಯಂಗಳದ ಧರ್ಮಸಭೆ

(ಶತಮಾನೋತ್ಸವದ ಅಂಗವಾಗಿ ಜೊಯಿಡಾ ಭಾಗದ ಭಕ್ತವಿಶ್ವಾಸಿಗಳ ಮುಂದೆ ಮಾಡಿದ ಭಾಷಣದ ಪಾಠ)



ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸುವುದು ಸಾಮಾನ್ಯ ಸಂಗತಿಯಲ್ಲ. ಈ ಒಂದು ಸೂರಿನ ಕೆಳಗೆ ನಮ್ಮ ಅಜ್ಜ ಮುತ್ತಜ್ಜಂದಿರು ದೀಕ್ಷಾಸ್ನಾನ ಪಡೆದರು, ವಿವಾಹಬಂಧನಕ್ಕೆ ಒಳಗಾದರು, ಕಡೆಗೆ ಇಲ್ಲಿಂದಲೇ ನಮ್ಮ ಸ್ಮಶಾನಭೂಮಿಗೆ ಸಾಗಿದರು. ಅವರು ನೆಲಕ್ಕೆ ಹೊತ್ತು ಹಾಕಿದ ಕಲ್ಲುಗಳ ಮೇಲೆ ನಾವಿಂದು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದೇವೆ. ಆ ಹಿರಿಯರಿಗೆ ಕೃತಜ್ಞತೆ ಸಲ್ಲಿಸುವುದು ಈ ಶತಮಾನೋತ್ಸವದ ಮೊದಲ ಕರ್ತವ್ಯ.

ನೂರು ವರ್ಷಗಳ ಹಿಂದೆ ಈ ನಾಡು ಗೋವಾ ಮಹಾಧರ್ಮಪ್ರಾಂತ್ಯದ ಆಡಳಿತಕ್ಕೆ ಒಳಪಟ್ಟಿತ್ತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯವು ಸ್ಥಾಪಿತವಾದಾಗ ನಾವು ಅದರ ಮಡಿಲಿಗೆ ಬಂದೆವು. 1976ರ ಜನವರಿ 24ರಂದು ಉತ್ತರ ಕನ್ನಡ ಜಿಲ್ಲೆಗೆಂದೇ ಕಾರವಾರ ಧರ್ಮಪ್ರಾಂತ್ಯವು ರೂಪುಗೊಂಡಿತು. ವಿಲಿಯಂ ಲಿಯೊನಾರ್ಡ್ ಡಿಮೆಲ್ಲೊ ಅವರು ಅದರ ಮೊದಲ ಧರ್ಮಾಧ್ಯಕ್ಷರಾದರು. ಹೀಗೆ ಆಡಳಿತದ ಎಲ್ಲೆಗಳು ಬದಲಾದವು. ವಿಶ್ವಾಸ ಮಾತ್ರ ಒಂದೇ ಆಗಿ ಉಳಿಯಿತು. ಆದರೆ ಸಂತ ಪೇತ್ರನು ತನ್ನ ಮೊದಲನೆಯ ಪತ್ರದಲ್ಲಿ ವಿಶ್ವಾಸಿಗಳನ್ನು ಜೀವಂತ ಶಿಲೆಗಳಿಗೆ ಹೋಲಿಸಿದ್ದಾನೆ. ಕಟ್ಟಡದ ಕಲ್ಲುಗಳು ಗಾರೆಯಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಜೀವಂತ ಶಿಲೆಗಳನ್ನು ಅಂಟಿಸುವ ಗಾರೆ ಯಾವುದು? ಪ್ರೀತಿ ಎಂದು ಎಲ್ಲರೂ ಉತ್ತರಿಸುವೆವು. ಆ ಪ್ರೀತಿ ಎಲ್ಲಿ, ಯಾವಾಗ, ಯಾರ ಮನೆಯಲ್ಲಿ ಕೂಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಅದನ್ನೇ ಇಂದು ನಾವು ವಿಚಾರ ಮಾಡೋಣ.

ಕಾಡಿನ ನಡುವಿನ ಧರ್ಮಕೇಂದ್ರ

ನಮ್ಮ ಜೊಯಿಡಾ ತಾಲ್ಲೂಕು ವಿಸ್ತಾರದಲ್ಲಿ ಬಹು ದೊಡ್ಡದು. ಜನವಸತಿಯಲ್ಲಿ ಬಹು ವಿರಳವಾದುದು. 2011ರ ಜನಗಣತಿಯ ಪ್ರಕಾರ ಇಡೀ ತಾಲ್ಲೂಕಿನ ಜನಸಂಖ್ಯೆ ಐವತ್ತು ಸಾವಿರದ ಆಸುಪಾಸಿನಲ್ಲಿತ್ತು. ಡಿಗ್ಗಿಯ ಬೆಟ್ಟಗಳಲ್ಲಿ ಹುಟ್ಟಿದ ಕಾಳಿ ನದಿ ಕಾರವಾರದ ಬಳಿ ಸಮುದ್ರವನ್ನು ಸೇರುವ ಮುನ್ನ ಹಾದುಬರುವ ಈ ನಾಡಿನಲ್ಲಿ ಊರೆಂದರೆ ಸಾಲುಮನೆಗಳ ಬೀದಿಯಲ್ಲ. ಇಲ್ಲೊಂದು ಮನೆ, ಗದ್ದೆಯಾಚೆ ಇನ್ನೊಂದು, ಹಳ್ಳ ದಾಟಿದರೆ ಮತ್ತೆ ನಾಲ್ಕು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆಚೆಯ ಮನೆಗೂ ಈಚೆಯ ಮನೆಗೂ ಸಂಬಂಧವೇ ಕಡಿದು ಹೋಗುತ್ತದೆ. ಕತ್ತಲಾದ ಮೇಲೆ ಆನೆ, ಕಾಡುಕೋಣ, ಕರಡಿಗಳ ಭಯ. ಗುರುಗಳೊಬ್ಬರು ಎಷ್ಟು ಶ್ರಮಿಸಿದರೂ ಪ್ರತಿ ಮನೆಗೆ ಪ್ರತಿ ವಾರ ಹೋಗಿಬರುವುದು ಮಾನವ ಸಾಧ್ಯವಲ್ಲ.

ಭಾನುವಾರದ ದಿವ್ಯ ಬಲಿಪೂಜೆಯಲ್ಲಿ ನಾವೆಲ್ಲ ಒಂದಾಗುತ್ತೇವೆ. ಅದು ನಮ್ಮ ಜೀವನದ ಮೂಲವೂ ಶಿಖರವೂ ಆಗಿದೆ. ಆದರೆ ಪೂಜೆ ಮುಗಿದು ಬಸ್ಸಿನ ಹೊತ್ತಾಯಿತೆಂದು ಅವಸರದಿಂದ ಹೊರಡುವವರು, ಪೇಟೆಯಲ್ಲಿ ಸಾಮಾನು ಕೊಳ್ಳಬೇಕೆಂದು ಧಾವಿಸುವವರು, ಒಂದೇ ಬೆಂಚಿನ ಮೇಲೆ ಕುಳಿತಿದ್ದವರ ಹೆಸರನ್ನೂ ಕೇಳದೆ ಹೋಗುವುದುಂಟು. ದುಡಿಮೆಗಾಗಿ ಮಗ ಗೋವೆಗೆ ಹೋಗಿರುವ ಮನೆಯಲ್ಲಿ ವೃದ್ಧ ತಾಯಿ ಜ್ವರದಿಂದ ಮಲಗಿದರೆ, ಆಕೆ ಭಾನುವಾರ ಬಂದಿಲ್ಲವೆಂಬುದನ್ನು ಗಮನಿಸುವವರು ಯಾರು? ಇನ್ನೂರು ಜನರ ಸಭೆಯಲ್ಲಿ ಒಬ್ಬಳ ಗೈರುಹಾಜರಿ ಕಾಣುವುದಿಲ್ಲ. ಹತ್ತು ಮನೆಗಳ ಕೂಟದಲ್ಲಿ ಅದು ಆ ಕ್ಷಣವೇ ಕಾಣುತ್ತದೆ. ಕಿರು ಕ್ರೈಸ್ತ ಸಮುದಾಯವೆಂದು ಧರ್ಮಸಭೆಯು ಯಾವುದನ್ನು ಕರೆಯುತ್ತದೆಯೋ ಅದರ ತಿರುಳು ಇಷ್ಟೇ: ಯಾರ ಗೈರುಹಾಜರಿಯೂ ಕಾಣದೆ ಹೋಗದಂಥ ಒಂದು ಕೂಟ.

ಆದಿಯಲ್ಲಿ ಮನೆಯೇ ದೇವಾಲಯ

ಇದು ಹೊಸ ಕಲ್ಪನೆಯೆಂದು ಯಾರೂ ಭಾವಿಸಬಾರದು. ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯವನ್ನು ತೆರೆದು ನೋಡಿದರೆ, ಮೊದಲ ವಿಶ್ವಾಸಿಗಳು ಪ್ರೇಷಿತರ ಬೋಧನೆಯಲ್ಲಿ, ಅನ್ಯೋನ್ಯತೆಯಲ್ಲಿ, ರೊಟ್ಟಿ ಮುರಿಯುವುದರಲ್ಲಿ, ಪ್ರಾರ್ಥನೆಯಲ್ಲಿ ನಿರತರಾಗಿದ್ದುದನ್ನು ಕಾಣುತ್ತೇವೆ. ಅವರು ಯೆರೂಸಲೇಮಿನ ಮಹಾದೇವಾಲಯಕ್ಕೂ ಹೋಗುತ್ತಿದ್ದರು, ಮನೆಮನೆಗಳಲ್ಲಿಯೂ ಕೂಡುತ್ತಿದ್ದರು. ಒಂದು ಇನ್ನೊಂದಕ್ಕೆ ಬದಲಿಯಾಗಿರಲಿಲ್ಲ. ಸಂತ ಪೌಲನ ಪತ್ರಗಳಲ್ಲಿ ಇಂಥ ಮನೆಗಳ ಒಡೆಯ ಒಡತಿಯರ ಹೆಸರುಗಳೇ ಉಳಿದಿವೆ: ರೋಮಾಪುರಿಯಲ್ಲಿ ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿಗಳು, ಲವೊದಿಕೀಯದಲ್ಲಿ ನುಂಫ ಎಂಬಾಕೆ, ಕೊಲೊಸ್ಸೆಯಲ್ಲಿ ಫಿಲೆಮೋನ. ಪ್ರಿಸ್ಕಿಲ್ಲ ಅಕ್ವಿಲರು ಗುಡಾರ ಹೊಲಿಯುವ ಕಸುಬಿನವರು. ರಾಜಾಜ್ಞೆಯಿಂದ ಊರು ಬಿಟ್ಟು ಕೊರಿಂಥಕ್ಕೆ ಬಂದವರು. ಅವರು ಹೋದಲ್ಲೆಲ್ಲ ಧರ್ಮಸಭೆಗೆ ಒಂದು ಅಂಗಳ ದೊರೆಯಿತು.

ಸಿರಿಯಾ ದೇಶದ ದೂರಾ ಎಂಬ ಪುರಾತನ ನಗರದ ಉತ್ಖನನದಲ್ಲಿ ಮೂರನೆಯ ಶತಮಾನದ ಒಂದು ಮನೆ ಬೆಳಕಿಗೆ ಬಂದಿತು. ಸಾಮಾನ್ಯವಾದ ವಾಸದ ಮನೆ. ಅದರೊಳಗೆ ಗೋಡೆ ತೆಗೆದು ಮಾಡಿದ ಪ್ರಾರ್ಥನೆಯ ಕೋಣೆ. ಪಕ್ಕದಲ್ಲಿ ದೀಕ್ಷಾಸ್ನಾನದ ತೊಟ್ಟಿ. ಗೋಡೆಯ ಮೇಲೆ ಒಳ್ಳೆಯ ಕುರುಬನ ಚಿತ್ರ. ಮಹಾ ಮಂದಿರಗಳು ಎದ್ದುನಿಂತದ್ದು ಅದರ ನಂತರದ ಶತಮಾನದಲ್ಲಿ, ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದಿಂದ ಈಚೆಗೆ. ಮನೆಯಂಗಳವು ಧರ್ಮಸಭೆಯ ತೊಟ್ಟಿಲು. ಮಗು ಬೆಳೆದು ದೊಡ್ಡದಾದ ಮೇಲೆಯೂ ತೊಟ್ಟಿಲನ್ನು ಅಟ್ಟದ ಮೇಲೆ ಜೋಪಾನವಾಗಿ ಇಡುವುದು ನಮ್ಮ ಮನೆಗಳ ವಾಡಿಕೆಯಲ್ಲವೇ? ಮುಂದಿನ ಕೂಸಿಗೆ ಅದು ಬೇಕಾಗುತ್ತದೆ.

ಧರ್ಮಸಭೆಯ ಕರೆ

ದ್ವಿತೀಯ ವ್ಯಾಟಿಕನ್ ಮಹಾಸಭೆಯು (1962–65) ಧರ್ಮಸಭೆಯನ್ನು ದೇವಪ್ರಜೆಗಳ ಸಮೂಹವೆಂದು ವರ್ಣಿಸಿತು. ಚಿಕ್ಕದಾದ, ಬಡತನದ, ಚದುರಿಹೋದ ಸಮುದಾಯಗಳಲ್ಲಿಯೂ ಕ್ರಿಸ್ತನು ಪೂರ್ಣವಾಗಿ ಇದ್ದಾನೆಂಬ ಸತ್ಯವನ್ನು ಅದು ಎತ್ತಿ ಹೇಳಿತು. ಚದುರಿಹೋದ ಎಂಬ ಆ ಮಾತು ನಮಗಾಗಿಯೇ ಹೇಳಿದಂತೆ ತೋರುತ್ತದೆ. ಮಹಾಸಭೆಯ ನಂತರ 1968ರಲ್ಲಿ ಕೊಲಂಬಿಯ ದೇಶದ ಮೆಡೆಲಿನ್ ನಗರದಲ್ಲಿ ಸೇರಿದ ಲ್ಯಾಟಿನ್ ಅಮೆರಿಕದ ಧರ್ಮಾಧ್ಯಕ್ಷರು ಇಂಥ ಕಿರು ಸಮುದಾಯಗಳಿಗೆ ಒತ್ತಾಸೆ ಕೊಟ್ಟರು. ಪೂರ್ವ ಆಫ್ರಿಕದ ಧರ್ಮಾಧ್ಯಕ್ಷರು 1973 ಮತ್ತು 1976ರ ತಮ್ಮ ಸಮ್ಮೇಳನಗಳಲ್ಲಿ ಇದನ್ನೇ ತಮ್ಮ ಪಾಲನಾಕಾರ್ಯದ ತಳಹದಿಯಾಗಿ ಅಂಗೀಕರಿಸಿದರು. ಆ ದೇಶಗಳ ಸ್ಥಿತಿ ನಮ್ಮ ಸ್ಥಿತಿಗೆ ದೂರವಾದುದಲ್ಲ: ಗುರುಗಳು ಕೆಲವರು, ದಾರಿ ಬಹಳ, ಜನರು ಬಡವರು.

1975ರ ಡಿಸೆಂಬರ್ 8ರಂದು ಜಗದ್ಗುರು ಆರನೆಯ ಪೌಲರು ಶುಭಸಂದೇಶ ಪ್ರಸಾರವನ್ನು ಕುರಿತ ತಮ್ಮ ಪ್ರಬೋಧನೆಯಲ್ಲಿ ಕಿರು ಸಮುದಾಯಗಳ ವಿಷಯವನ್ನು ವಿಸ್ತಾರವಾಗಿ ವಿವೇಚಿಸಿದರು. ನಮ್ಮ ಕಾರವಾರ ಧರ್ಮಪ್ರಾಂತ್ಯ ಹುಟ್ಟಿದ್ದು ಅದಾದ ಒಂದೂವರೆ ತಿಂಗಳಿಗೆ. 1990ರಲ್ಲಿ ಇಂಡೊನೇಷ್ಯದ ಬಾಂಡುಂಗ್‌ನಲ್ಲಿ ಸೇರಿದ ಏಷ್ಯದ ಧರ್ಮಾಧ್ಯಕ್ಷರ ಮಂಡಳಿಗಳ ಒಕ್ಕೂಟವು, ಏಷ್ಯದ ಧರ್ಮಸಭೆ ಸಮುದಾಯಗಳ ಸಮುದಾಯವಾಗಿ ಬೆಳೆಯಬೇಕೆಂದು ನಿರ್ಧರಿಸಿತು. ನಮ್ಮ ದೇಶದಲ್ಲಿ ಮುಂಬಯಿ ಮಹಾಧರ್ಮಪ್ರಾಂತ್ಯವು 1980ರ ದಶಕದಿಂದ ಈ ದಾರಿಯಲ್ಲಿ ನಡೆಯಿತು. 2021ರಿಂದ 2024ರವರೆಗೆ ಜಗದ್ಗುರು ಫ್ರಾನ್ಸಿಸ್‌ರು ಇಡೀ ಧರ್ಮಸಭೆಯನ್ನು ಕೂಡಿ ನಡೆಯುವ ಸಿನೊಡಿಗೆ ಕರೆದಾಗಲೂ ಕಿವಿಗೊಟ್ಟು ಆಲಿಸುವುದೇ ಅದರ ಮೊದಲ ಪಾಠವಾಗಿತ್ತು. ಆಲಿಸುವ ಕಲೆ ಹತ್ತಾರು ಜನರ ನಡುವೆ ಕುಳಿತಾಗ ಮಾತ್ರ ಕೈಗೂಡುತ್ತದೆ.

ನಮ್ಮ ಮಣ್ಣಿನ ಬೇರುಗಳು

ಹೊರಗಿನಿಂದ ಬಂದ ಯೋಜನೆಯೆಂದು ಇದನ್ನು ನಾವು ನೋಡಬೇಕಾಗಿಲ್ಲ. ನಮ್ಮ ಕೊಂಕಣಿ ಹಿರಿಯರು ವಾಡೊ ಎಂದು ಕರೆಯುತ್ತಿದ್ದ ಮನೆಗಳ ಗುಂಪು ಯಾವುದು? ಮಂಗಳೂರು ಭಾಗದ ಧರ್ಮಕೇಂದ್ರಗಳಲ್ಲಿ ಪ್ರತಿ ವಾಡೊಗೆ ಒಬ್ಬ ಗುರ್ಕಾರನಿರುತ್ತಾನೆ. ಹುಟ್ಟು, ಮದುವೆ, ಕಾಯಿಲೆ, ಸಾವುಗಳ ವಾರ್ತೆಯನ್ನು ಗುರುಗಳಿಗೆ ಮುಟ್ಟಿಸುವುದು, ಜಗಳವಾದರೆ ರಾಜಿ ಮಾಡಿಸುವುದು ಅವನ ಕೆಲಸ. ಗೋವಾದಿಂದ ಘಟ್ಟ ಹತ್ತಿ ಬಂದ ನಮ್ಮವರು ದಾರಿಬದಿಯ ಶಿಲುಬೆಯ ಮುಂದೆ ದೀಪ ಹಚ್ಚಿ, ನೆರೆಯವರನ್ನು ಕರೆದು, ಲದಿನ್ ಹಾಡಿ, ಬೇಯಿಸಿದ ಕಡಲೆಯನ್ನೋ ಬೆಲ್ಲವನ್ನೋ ಹಂಚಿ ಮನೆಗೆ ಹೋಗುತ್ತಿದ್ದರು. ಅಲ್ಲಿ ಗುರುಗಳು ಇರಬೇಕೆಂಬ ನಿಯಮವಿರಲಿಲ್ಲ. ಶ್ರೀಸಾಮಾನ್ಯ ವಿಶ್ವಾಸಿಗಳೇ ಪ್ರಾರ್ಥನೆಯನ್ನು ನಡೆಸುತ್ತಿದ್ದರು.

ನಾಟಿಯ ಕಾಲದ ಮುಯ್ಯಾಳಿನ ಪದ್ಧತಿಯನ್ನೂ ನೆನೆಯೋಣ. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿಯ ಲೆಕ್ಕವಿಲ್ಲ, ಬಡ್ಡಿಯ ಮಾತಿಲ್ಲ. ಮಳೆ ಹೋಗುವುದರೊಳಗೆ ಎಲ್ಲರ ಸಸಿಯೂ ನೆಲಕ್ಕಿಳಿಯಬೇಕು ಎಂಬ ಒಂದೇ ಕಾಳಜಿ. ಕಿರು ಕ್ರೈಸ್ತ ಸಮುದಾಯವು ವಿಶ್ವಾಸ ಜೀವನದ ಮುಯ್ಯಾಳು. ಇಂದು ನಿಮ್ಮ ಮನೆಯ ದುಃಖಕ್ಕೆ ನಾವು ಬರುತ್ತೇವೆ. ನಾಳೆ ನಮ್ಮ ಮನೆಯ ದುಃಖಕ್ಕೆ ನೀವು ಬರುತ್ತೀರಿ. ಮುಯ್ಯಾಳಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ: ಗದ್ದೆಯೇ ಇಲ್ಲದವನ ಮನೆಗೂ ನಾವು ಹೋಗಬೇಕು, ತಿರುಗಿ ಬರಲಾರದವನ ಬಳಿಗೇ ಮೊದಲು ಹೋಗಬೇಕು.

ನೆರೆಹೊರೆ ಮುಳುಗಿದಾಗ

ಈ ಬೇರುಗಳು ನಮ್ಮ ಭಾಗದಲ್ಲಿ ಒಮ್ಮೆ ಕಿತ್ತುಹೋದವೆಂಬುದನ್ನು ಇಲ್ಲಿ ಹೇಳಲೇಬೇಕು. ಕಾಳಿ ಮತ್ತು ಪಾಂಢರಿ ನದಿಗಳು ಕೂಡುವ ಸ್ಥಳದಲ್ಲಿದ್ದ ಸೂಪಾ ಒಂದು ಕಾಲಕ್ಕೆ ಈ ತಾಲ್ಲೂಕಿನ ಕೇಂದ್ರವಾಗಿತ್ತು. ತಾಲ್ಲೂಕಿಗೂ ಅದೇ ಹೆಸರಿತ್ತು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1980ರ ದಶಕದಲ್ಲಿ ಪೂರ್ಣಗೊಂಡಾಗ ಆ ಪೇಟೆಯೂ ಸುತ್ತಲಿನ ಹಳ್ಳಿಗಳೂ ನೀರಿನ ಅಡಿಗೆ ಹೋದವು. ನಾಡಿಗೆ ವಿದ್ಯುತ್ತು ಬಂದಿತು. ಈ ಜನರಿಗೆ ಊರು ಹೋಯಿತು. ಅನೇಕ ಕುಟುಂಬಗಳು ರಾಮನಗರದಲ್ಲಿ ನೆಲೆ ಪಡೆದವು; ತಾಲ್ಲೂಕಿನ ಕಚೇರಿಗಳು ಜೊಯಿಡಾಕ್ಕೆ ಬಂದವು. ಪರಿಹಾರದ ಪಟ್ಟಿಯಲ್ಲಿ ಮನೆಗೆ ಬೆಲೆ ಕಟ್ಟಬಹುದು, ಮಾವಿನ ಮರಕ್ಕೆ ಬೆಲೆ ಕಟ್ಟಬಹುದು. ನಡುರಾತ್ರಿ ಕೂಗಿದರೆ ಓಡಿ ಬರುತ್ತಿದ್ದ ನೆರೆಯವನಿಗೆ ಯಾವ ಅಧಿಕಾರಿ ಬೆಲೆ ಕಟ್ಟಬಲ್ಲನು?

ಅದರ ನಂತರವೂ ಚದುರುವಿಕೆ ನಿಂತಿಲ್ಲ. 2007ರಲ್ಲಿ ದಾಂಡೇಲಿ ಅಣಶಿ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂದಿತು. ಕಾಡೊಳಗಿನ ಕೆಲವು ಕುಟುಂಬಗಳು ಪರಿಹಾರಧನ ಪಡೆದು ಹೊರಗೆ ಬಂದಿವೆ. ಓದಿದ ಮಕ್ಕಳು ಗೋವಾ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳಿಗೆ ಹೋಗುತ್ತಿದ್ದಾರೆ. ದಾಂಡೇಲಿಯ ಕಾಗದದ ಕಾರ್ಖಾನೆ 1950ರ ದಶಕದಲ್ಲಿ ಆರಂಭವಾದಂದಿನಿಂದ ಕೇರಳ, ತಮಿಳುನಾಡು, ಆಂಧ್ರ, ಗೋವಾಗಳಿಂದ ಬಂದು ನೆಲೆಸಿದವರು ನಮ್ಮ ನಾಡಿನ ಧರ್ಮಸಭೆಗೆ ಸೇರಿದ್ದಾರೆ. ಹಳೆಯ ನೆರೆಹೊರೆ ಹುಟ್ಟಿನಿಂದ ಬಂದಿತ್ತು. ಯಾರೂ ಅದನ್ನು ಕಟ್ಟಬೇಕಾಗಿರಲಿಲ್ಲ. ಹೊಸ ನೆರೆಹೊರೆಯನ್ನಾದರೋ ಕೈಯಾರೆ ಕಟ್ಟಬೇಕು. ಕಿರು ಸಮುದಾಯದ ಅಗತ್ಯ ನಮಗೆ ಬೇರೆಯವರಿಗಿಂತ ಹೆಚ್ಚಾಗಿರುವುದಕ್ಕೆ ಇದೇ ಕಾರಣ.

ಕೂಡುವ ಬಗೆ

ಕೂಡುವುದೆಂದರೆ ಹೇಗೆ? ನಡೆದು ಹೋಗಬಹುದಾದ ದೂರದ ಎಂಟರಿಂದ ಹದಿನೈದು ಮನೆಗಳು ಒಂದು ಕೂಟವಾಗಲಿ. ಪ್ರತಿಸಲವೂ ದೊಡ್ಡ ಪಡಸಾಲೆಯಿರುವ ಒಂದೇ ಮನೆಯಲ್ಲಿ ಸೇರದೆ, ಸರದಿಯಂತೆ ಎಲ್ಲರ ಮನೆಯಲ್ಲಿಯೂ ಸೇರಲಿ. ಕಾಡುಪ್ರಾಣಿಗಳ ಭಯವಿರುವಲ್ಲಿ ಹಗಲಿನ ಹೊತ್ತನ್ನೇ ಆರಿಸಿಕೊಳ್ಳಲಿ. ನಡೆಸುವ ಹೊಣೆ ಒಬ್ಬ ಪುರುಷ, ಒಬ್ಬ ಸ್ತ್ರೀ, ಹೀಗೆ ಇಬ್ಬರಿಗೆ ಇರಲಿ. ಎರಡು ಮೂರು ವರ್ಷಗಳಿಗೊಮ್ಮೆ ಅದು ಬದಲಾಗಲಿ. ಆತಿಥ್ಯ ಒಂದು ಲೋಟ ಚಹಾಕ್ಕೆ ಮೀರದಿರಲಿ; ಮೀರಿದರೆ ಬಡವರು ತಮ್ಮ ಮನೆಗೆ ಕರೆಯಲು ಹಿಂಜರಿಯುವರು.

ಶುಭಸಂದೇಶವನ್ನು ಹಂಚಿಕೊಳ್ಳಲು ಒಂದು ಸರಳವಾದ ಕ್ರಮವಿದೆ. ದಕ್ಷಿಣ ಆಫ್ರಿಕದ ಲುಮ್ಕೊ ಸಂಸ್ಥೆಯಲ್ಲಿ ಫ್ರಿಟ್ಸ್ ಲೋಬಿಂಗರ್, ಓಸ್ವಾಲ್ಡ್ ಹಿರ್ಮರ್ ಎಂಬ ಗುರುಗಳಿಬ್ಬರ ದುಡಿಮೆಯಿಂದ ಬೆಳೆದ ಈ ಕ್ರಮ ಏಳು ಹೆಜ್ಜೆಗಳದ್ದು. ಮೊದಲು, ಪ್ರಭುವನ್ನು ನಮ್ಮ ನಡುವೆ ಆಹ್ವಾನಿಸುವುದು. ಎರಡನೆಯದಾಗಿ, ವಾಕ್ಯವನ್ನು ಓದುವುದು. ಮೂರನೆಯದಾಗಿ, ಮನಸ್ಸಿಗೆ ತಟ್ಟಿದ ಪದಗಳನ್ನು ಆಯ್ದು ಮೆಲ್ಲಗೆ ಮತ್ತೆ ಮತ್ತೆ ಉಚ್ಚರಿಸುವುದು. ನಾಲ್ಕನೆಯದಾಗಿ, ಮೌನವಾಗಿ ಕುಳಿತು ದೇವರು ಮಾತನಾಡಲು ಬಿಡುವುದು. ಐದನೆಯದಾಗಿ, ಹೃದಯದಲ್ಲಿ ಕೇಳಿಸಿದ್ದನ್ನು ಹಂಚಿಕೊಳ್ಳುವುದು. ಆರನೆಯದಾಗಿ, ನಮ್ಮ ಕೂಟ ಮಾಡಬೇಕಾದ ಕಾರ್ಯವನ್ನು ನಿಶ್ಚಯಿಸುವುದು. ಏಳನೆಯದಾಗಿ, ಅವರವರ ಮಾತಿನಲ್ಲಿ ಪ್ರಾರ್ಥಿಸುವುದು. ಇಲ್ಲಿ ಪ್ರಸಂಗ ಮಾಡುವವರು ಬೇಕಾಗಿಲ್ಲ, ವಾದಕ್ಕೆ ಎಡೆಯಿಲ್ಲ. ಓದು ಬಾರದವರಿಗಾಗಿ ವಾಕ್ಯವನ್ನು ನಿಧಾನವಾಗಿ ಎರಡು ಬಾರಿ ಓದಿದರೆ ಸಾಕು. ಅಕ್ಷರ ಬಾರದ ಅಜ್ಜಿ ಹೇಳುವ ಒಂದು ಮಾತು ಎಷ್ಟೋ ವೇಳೆ ಓದಿದವರ ಕಣ್ಣು ತೆರೆಸುವುದುಂಟು.

ಈ ಏಳರಲ್ಲಿ ಸುಲಭವಾಗಿ ಬಿಟ್ಟುಹೋಗುವುದು ಆರನೆಯ ಹೆಜ್ಜೆ. ಓದಿದೆವು, ಪ್ರಾರ್ಥಿಸಿದೆವು, ಚಹಾ ಕುಡಿದೆವು, ಎದ್ದೆವು ಎಂದಾದರೆ ಕೂಟವು ಜಪಸರದ ಇನ್ನೊಂದು ಸಂಜೆಯಾಗಿ ಉಳಿಯುತ್ತದೆ. ಜಪಸರವು ಶ್ರೇಷ್ಠವಾದುದೇ, ಆದರೆ ಅದನ್ನು ಪ್ರತಿ ಮನೆಯೂ ಈಗಾಗಲೇ ಹೇಳುತ್ತಿದೆ. ಕೂಟವು ಕೇಳಿಕೊಳ್ಳಬೇಕಾದುದು ಬೇರೆ: ಈ ವಾರ ನಮ್ಮ ಹತ್ತು ಮನೆಗಳಲ್ಲಿ ಯಾರು ಕಷ್ಟದಲ್ಲಿದ್ದಾರೆ? ರೋಗಿಯನ್ನು ಹುಬ್ಬಳ್ಳಿಗೋ ಬೆಳಗಾವಿಗೋ ಕರೆದೊಯ್ಯಬೇಕಾದರೆ ಜೊತೆಗೆ ಹೋಗುವವರು ಯಾರು? ವಿಧವೆಯ ಪಿಂಚಣಿಯ ಅರ್ಜಿ ಬರೆದುಕೊಡುವವರು ಯಾರು? 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಭೂಮಿಯ ಹಕ್ಕಿಗೆ ಅರ್ಜಿ ಸಲ್ಲಿಸುವ ಕಾರ್ಯ ಗ್ರಾಮಸಭೆಯಿಂದ ಆರಂಭವಾಗುತ್ತದೆ; ಅದರ ನಿಯಮಗಳು ಊರ ಹಿರಿಯರ ಲಿಖಿತ ಹೇಳಿಕೆಯನ್ನೂ ಸಾಕ್ಷ್ಯವಾಗಿ ಪರಿಗಣಿಸುತ್ತವೆ. ಆ ಹಿರಿಯರ ಬಳಿ ಕುಳಿತು, ಅವರ ನೆನಪನ್ನು ಬರೆದುಕೊಂಡು, ನೆರೆಯವನ ಅರ್ಜಿಗೆ ಜೋಡಿಸುವುದು ಶುಭಸಂದೇಶದ ಹೊರಗಿನ ಕೆಲಸವೆಂದು ನಾವು ಭಾವಿಸಬಾರದು. ಮೊದಲ ವಿಶ್ವಾಸಿಗಳ ನಡುವೆ ಕೊರತೆಯಿರುವವನು ಒಬ್ಬನೂ ಇರಲಿಲ್ಲವೆಂದು ಪ್ರೇಷಿತರ ಕಾರ್ಯಕಲಾಪಗಳ ನಾಲ್ಕನೆಯ ಅಧ್ಯಾಯ ತಿಳಿಸುತ್ತದೆ. ಅವರ ಪ್ರಾರ್ಥನೆಗೆ ಅದೇ ಪ್ರಮಾಣವಾಗಿತ್ತು.

ಒನೇಸಿಮನ ಪರೀಕ್ಷೆ

ಈಗ ನಾವು ವಿಷಯದ ಮರ್ಮಕ್ಕೆ ಬರುತ್ತೇವೆ. ಮನೆಯಲ್ಲಿ ಕೂಡುವ ಸಭೆಗೆ ಸಂತ ಪೌಲನು ಬರೆದ ಒಂದು ಪುಟ್ಟ ಪತ್ರ ನಮ್ಮ ಬೈಬಲಿನಲ್ಲಿದೆ. ಅದು ಫಿಲೆಮೋನನಿಗೆ ಬರೆದುದು. ಆದರೆ ಅವನೊಬ್ಬನಿಗೇ ಅಲ್ಲ, ಅವನ ಮನೆಯಲ್ಲಿ ನೆರೆಯುವ ಸಭೆಗೂ ಸೇರಿಸಿ ಬರೆದುದು. ವಿಷಯವೇನೆಂದರೆ, ಫಿಲೆಮೋನನ ದಾಸನಾದ ಒನೇಸಿಮನು ಒಡೆಯನನ್ನು ಬಿಟ್ಟು ಹೋಗಿದ್ದನು. ಸೆರೆಯಲ್ಲಿದ್ದ ಪೌಲನ ಬಳಿಗೆ ಬಂದು ಕ್ರೈಸ್ತನಾದನು. ಪೌಲನು ಅವನನ್ನು ಹಿಂದಕ್ಕೆ ಕಳುಹಿಸುತ್ತಾ, ಅವನನ್ನು ಇನ್ನು ಮುಂದೆ ದಾಸನಂತೆ ಕಾಣದೆ ಪ್ರಿಯ ಸಹೋದರನಂತೆ, ತನ್ನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತಾನೆ. ಅವನಿಂದ ನಷ್ಟವೇನಾದರೂ ಆಗಿದ್ದರೆ ತನ್ನ ಲೆಕ್ಕಕ್ಕೆ ಹಾಕೆಂದೂ ಬರೆಯುತ್ತಾನೆ. ಈ ಮಾತನ್ನು ಇಡೀ ಮನೆಸಭೆಯ ಕಿವಿಗೆ ಬೀಳುವಂತೆ ಹೇಳಿದ್ದೇಕೆ? ಒಡೆಯನೊಬ್ಬನ ಮನಸ್ಸು ತಿರುಗಿದರೆ ಸಾಲದು. ಒಂದೇ ಅಂಗಳದಲ್ಲಿ, ಒಂದೇ ಪಂಕ್ತಿಯಲ್ಲಿ ಒನೇಸಿಮನ ಪಕ್ಕ ಕುಳಿತುಕೊಳ್ಳಲು ಎಲ್ಲರೂ ಸಿದ್ಧರಾಗಬೇಕಿತ್ತು.

ಈ ಪತ್ರವನ್ನು ಓದುವಾಗ ನಮ್ಮ ನಾಡಿನವರಿಗೆ ತಮ್ಮ ನೆರೆಯವರೇ ಕಣ್ಣಮುಂದೆ ಬರಬೇಕು. ಆಫ್ರಿಕದಿಂದ ಪೋರ್ತುಗೀಸರ ಹಡಗುಗಳಲ್ಲಿ ದಾಸರಾಗಿ ಗೋವೆಗೆ ತರಲ್ಪಟ್ಟವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡುಗಳಿಗೆ ಬಂದರು. ಅವರ ಸಂತತಿಯೇ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೊಯಿಡಾ, ಅಂಕೋಲಾ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿ ಜನಾಂಗ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ನಮ್ಮೊಂದಿಗೆ ಒಂದೇ ಪರಮ ಪ್ರಸಾದ ಸ್ವೀಕರಿಸುವ ಕಥೋಲಿಕರೂ ಇದ್ದಾರೆ. ಕೊಂಕಣಿ, ಮರಾಠಿ, ಕನ್ನಡಗಳು ಬೆರೆತ ನುಡಿ ಅವರದು. ಹಬ್ಬದಂದು ಅವರ ದಮಾಮಿಯ ಸದ್ದು ಕಾಡನ್ನೆಲ್ಲ ತುಂಬುತ್ತದೆ. 2003ರಲ್ಲಿ ಸರಕಾರವು ನಮ್ಮ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡವೆಂದು ಮಾನ್ಯ ಮಾಡಿತು. ಪೋರ್ತುಗೀಸ್ ರಾಜ್ಯದಲ್ಲಿ ದಾಸ್ಯವನ್ನು ಕಾನೂನು 1869ರಲ್ಲಿಯೇ ರದ್ದುಗೊಳಿಸಿತ್ತು. ಕಾನೂನು ಸಂಕೋಲೆಯನ್ನು ಕಳಚಬಲ್ಲದು, ಪಕ್ಕದಲ್ಲಿ ಕೂರಿಸಿಕೊಳ್ಳಲಾರದು. ಅದು ಸಮುದಾಯದ ಕೆಲಸ.

ಓಡಿಬಂದ ದಾಸನನ್ನು ಸಹೋದರನೆಂದು ಬರಮಾಡಿಕೊಳ್ಳಿರೆಂದು ಪೌಲನು ಮನೆಸಭೆಯೊಂದಕ್ಕೆ ಬರೆದನು. ಓಡಿಬಂದ ದಾಸರ ಮೊಮ್ಮಕ್ಕಳು ನಮ್ಮ ಧರ್ಮಸಭೆಯಲ್ಲಿಯೇ ಇದ್ದಾರೆ. ಇದಕ್ಕಿಂತ ನೇರವಾಗಿ ನಮಗೆ ಬಂದ ಪತ್ರ ಇನ್ನಾವುದಿದೆ? ಆದುದರಿಂದ ನಮ್ಮ ಕೂಟಗಳಿಗೆ ಒಂದು ಸರಳ ಪರೀಕ್ಷೆ ಸಾಕು. ಕೂಟದ ಸರದಿ ಸಿದ್ದಿ ಮನೆಗೂ ಬರುತ್ತದೆಯೇ? ಬಂದಾಗ ಎಲ್ಲರೂ ಬರುತ್ತಾರೆಯೇ? ಅಲ್ಲಿ ಕೊಟ್ಟ ಚಹಾವನ್ನು ಎಲ್ಲರೂ ಕುಡಿಯುತ್ತಾರೆಯೇ? ಕೂಟವನ್ನು ನಡೆಸುವ ಇಬ್ಬರಲ್ಲಿ ಒಬ್ಬರಾಗಿ ಸಿದ್ದಿ ಸಹೋದರಿಯೊಬ್ಬಳು ಎದ್ದು ನಿಂತು ವಾಕ್ಯ ಓದುತ್ತಾಳೆಯೇ? ಹೌದೆಂಬ ಉತ್ತರವಿರುವಲ್ಲಿ ಧರ್ಮಸಭೆಯಿದೆ. ಇಲ್ಲವೆಂದಾದರೆ ಅಲ್ಲಿರುವುದು ಬಂಧುಬಳಗದ ಕೂಟವಷ್ಟೇ; ಅದಕ್ಕೆ ಕ್ರಿಸ್ತನ ಹೆಸರು ಬೇಕಾಗಿಲ್ಲ. ಜಾತಿಯ ಹೆಸರಿನಲ್ಲಿ, ಆಸ್ತಿಯ ಹೆಸರಿನಲ್ಲಿ, ಹಳಬರು ಹೊಸಬರೆಂಬ ಹೆಸರಿನಲ್ಲಿ ಏಳುವ ಎಲ್ಲ ಗೋಡೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಭಾಷೆಯ ವಿಷಯದಲ್ಲಿಯೂ ಆದಿಸಭೆ ನಮಗೆ ದಾರಿ ತೋರಿದೆ. ಯೆರೂಸಲೇಮಿನಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂದಿತು. ಪ್ರೇಷಿತರು ದೂರಿದವರನ್ನು ಗದರಿಸಲಿಲ್ಲ. ಏಳು ಜನರನ್ನು ಆರಿಸಿರೆಂದರು. ಆರಿಸಿ ಬಂದ ಸ್ತೇಫನ, ಫಿಲಿಪ್ಪ ಮೊದಲಾದ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ಅಂದರೆ ಕೊರತೆಯಿದ್ದವರ ಕೈಗೇ ಹಂಚಿಕೆಯ ಸೌಟನ್ನು ಕೊಡಲಾಯಿತು. ಕೊಂಕಣಿ, ಕನ್ನಡ, ಮರಾಠಿ, ಮಲಯಾಳ, ತಮಿಳು ಮನೆಗಳು ಅಕ್ಕಪಕ್ಕದಲ್ಲಿರುವ ನಮ್ಮಲ್ಲಿ, ವಾಕ್ಯವನ್ನು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಓದಿ, ಪ್ರಾರ್ಥನೆಯನ್ನು ಅವರವರ ಮನೆಮಾತಿಗೆ ಬಿಡುವುದು ಒಳ್ಳೆಯದು. ತಾಯಿನುಡಿಯಲ್ಲಿ ಅತ್ತ ದುಃಖಕ್ಕೆ ಅನುವಾದ ಬೇಕಾಗುವುದಿಲ್ಲ.

ಎಚ್ಚರದ ಮಾತು

ಕೂಟಗಳು ದಾರಿ ತಪ್ಪುವ ಸಂಭವವೂ ಇದೆ. ಆರನೆಯ ಪೌಲರು ತಮ್ಮ ಪ್ರಬೋಧನೆಯಲ್ಲಿ ಅಂಥ ಅಪಾಯಗಳನ್ನು ಬಿಡಿಸಿ ತೋರಿಸಿದ್ದಾರೆ. ಕೂಟವು ದೇವರ ವಾಕ್ಯದಿಂದ ಪೋಷಣೆ ಪಡೆಯಬೇಕು. ರಾಜಕೀಯ ಪಕ್ಷದ ಬಾಲಂಗೋಚಿಯಾಗಬಾರದು. ಧರ್ಮಕೇಂದ್ರದೊಡನೆ, ಗುರುಗಳೊಡನೆ, ಧರ್ಮಾಧ್ಯಕ್ಷರೊಡನೆ ಬಾಂಧವ್ಯವನ್ನು ಕಡಿದುಕೊಳ್ಳಬಾರದು. ಶುಭಸಂದೇಶ ತನ್ನೊಬ್ಬನ ಸೊತ್ತೆಂದು ಬೀಗಬಾರದು. ಇವುಗಳ ಜೊತೆಗೆ ನಮ್ಮ ಅನುಭವಕ್ಕೆ ತಕ್ಕ ಎರಡು ಮಾತುಗಳನ್ನು ಸೇರಿಸುತ್ತೇವೆ. ಕೂಟದಲ್ಲಿ ಕಣ್ಣೀರಿನೊಡನೆ ಹೇಳಿಕೊಂಡದ್ದು ಬಾವಿಕಟ್ಟೆಯ ಮಾತಾಗಬಾರದು. ಒಮ್ಮೆ ಹಾಗಾದರೆ ಆ ಬಾಯಿ ಮತ್ತೆ ತೆರೆಯದು. ಎರಡನೆಯದಾಗಿ, ಕೂಟದ ಅಂಗಳಕ್ಕೆ ಬೇಲಿ ಇರಬಾರದು. ನಮ್ಮ ಸುತ್ತಲೂ ಕುಣಬಿ, ಮರಾಠಾ, ಗೌಳಿ ಮುಂತಾದ ಜನರು ವಾಸಿಸುತ್ತಿದ್ದಾರೆ. ಅವರ ಗದ್ದೆಯ ನೀರು ನಮ್ಮ ಗದ್ದೆಗೆ ಹರಿಯುತ್ತದೆ. ಅವರ ಮನೆಯ ಸಾವಿಗೆ ಹೋಗದ ಕೂಟವು ಪ್ರೀತಿಯ ಸಮುದಾಯವಾಗಲಾರದು. ಒಳ್ಳೆಯ ಸಮಾರಿಯದವನ ಸಾಮತಿಯಲ್ಲಿ ಯೇಸುಸ್ವಾಮಿಯು ನೆರೆಯವನೆಂಬ ಪದಕ್ಕೆ ಮತದ ಎಲ್ಲೆಯನ್ನು ಹಾಕಲಿಲ್ಲ.

ಎರಡನೆಯ ಶತಮಾನದ ಹೊಸ್ತಿಲಲ್ಲಿ

ಪ್ರಿಯರೇ, ಶತಮಾನೋತ್ಸವದ ದೀಪಾಲಂಕಾರ ಕೆಲವು ದಿನಗಳದು. ಆಮೇಲೆ ಉಳಿಯುವುದೇನು? ಈ ವರ್ಷದೊಳಗೆ ಮೂರು ಕಾರ್ಯಗಳನ್ನು ಕೈಗೊಳ್ಳಬಹುದೆಂದು ವಿನಯದಿಂದ ಸೂಚಿಸುತ್ತೇವೆ. ಒಂದನೆಯದು, ನಮ್ಮ ಧರ್ಮಕೇಂದ್ರದ ಪ್ರತಿ ಮನೆಯೂ ಯಾವುದಾದರೊಂದು ಕೂಟಕ್ಕೆ ಸೇರಿರಬೇಕು. ಕಾಡಿನಂಚಿನ ಒಂಟಿಮನೆಯನ್ನು ಕೊನೆಗೆ ಸೇರಿಸದೆ ಮೊದಲು ಸೇರಿಸಬೇಕು. ಎರಡನೆಯದು, ದುಡಿಮೆಗೆ ಪರಊರಿಗೆ ಹೋಗಿರುವ ಮಕ್ಕಳ ಹೆಸರನ್ನು ಆಯಾ ಕೂಟ ಪ್ರತಿಸಲವೂ ಪ್ರಾರ್ಥನೆಯಲ್ಲಿ ಎತ್ತಬೇಕು. ಅವರು ಹಬ್ಬಕ್ಕೆ ಬಂದಾಗ ಅವರ ಕಷ್ಟಸುಖವನ್ನು ವಿಚಾರಿಸಬೇಕು. ಮೂರನೆಯದು, ವರ್ಷಕ್ಕೊಮ್ಮೆ ಎಲ್ಲ ಕೂಟಗಳೂ ಈ ದೇವಾಲಯದಲ್ಲಿ ನೆರೆದು, ತಾವು ಮಾಡಿದ ಆರನೆಯ ಹೆಜ್ಜೆಯ ಕಾರ್ಯಗಳನ್ನು ಬಲಿಪೂಜೆಯ ಕಾಣಿಕೆಯಾಗಿ ಸಮರ್ಪಿಸಬೇಕು. ಮನೆಯಂಗಳದಲ್ಲಿ ಬೆಳೆದದ್ದು ಪೀಠಕ್ಕೆ ಬರಲಿ. ಪೀಠದಲ್ಲಿ ಪಡೆದದ್ದು ಮನೆಯಂಗಳಕ್ಕೆ ಮರಳಲಿ.

ತನ್ನ ಹೆಸರಿನಲ್ಲಿ ಇಬ್ಬರು ಮೂವರು ಕೂಡಿದರೂ ತಾನು ಅಲ್ಲಿರುವೆನೆಂದು ಯೇಸುಸ್ವಾಮಿಯು ವಾಗ್ದಾನ ಮಾಡಿದ್ದಾನೆ. ಅವನು ದೊಡ್ಡ ಸಂಖ್ಯೆಯನ್ನು ಕೇಳಲಿಲ್ಲ. ಹಳ್ಳದಾಚೆಯ ನಾಲ್ಕು ಮನೆಗಳಿಗೂ ಆ ವಾಗ್ದಾನ ಸಲ್ಲುತ್ತದೆ. ತನ್ನ ಶಿಷ್ಯರನ್ನು ಜನರು ಗುರುತಿಸುವುದು ಅವರ ಪರಸ್ಪರ ಪ್ರೀತಿಯಿಂದಲೇ ಎಂದೂ ಆತನು ತಿಳಿಸಿದ್ದಾನೆ. ಈ ದೇವಾಲಯದ 200ನೆಯ ವರ್ಷವನ್ನು ಕಾಣಲು ನಮ್ಮಲ್ಲಿ ಯಾರೂ ಇರುವುದಿಲ್ಲ. ಅಂದು ಇಲ್ಲಿ ನೆರೆಯುವವರು, ಈ ಕಾಡುನಾಡಿನಲ್ಲಿ ಯಾರ ಗೈರುಹಾಜರಿಯೂ ಕಾಣದೆ ಹೋಗಲಿಲ್ಲ ಎಂದು ನಮ್ಮ ವಿಷಯವಾಗಿ ಹೇಳುವಂತಾಗಲಿ.

ಮಾತೆ ಮರಿಯಮ್ಮನವರ ಬಿನ್ನಹದ ಮೂಲಕ ದೇವರು ನಮ್ಮ ಮನೆಗಳನ್ನೂ ನಮ್ಮ ನೆರೆಹೊರೆಯನ್ನೂ ಆಶೀರ್ವದಿಸಲಿ.